ಹಸಿವು, ಮುಟ್ಟು, ಮನಸ್ಸು: ಬೆಂಗಳೂರಿನ ಹೆಂಗಸರಿಗೆ ಒಂದು ಮಾರ್ಗದರ್ಶಿ

ಮಗು ರಚ್ಚೆ ಹಿಡಿದರೆ ಮನೆಯಲ್ಲಿ ಯಾರಾದರೊಬ್ಬರು "ಹೊಟ್ಟೆ ಹಸಿದಿರಬೇಕು ನೋಡೇ" ಅನ್ನುತ್ತಾರೆ. ಅದೇ ಮಾತನ್ನು ಮೂವತ್ತೆಂಟರ ಹೆಂಗಸಿನ ಬಗ್ಗೆ ಯಾರೂ ಹೇಳುವುದಿಲ್ಲ. ಅವಳು ಸಿಡುಕಿದರೆ ಮೂಡ್ ಸರಿ ಇಲ್ಲ. ಜಾಸ್ತಿ ತಿಂದರೆ ಬಾಯಿ ಚಪಲ. ಊಟ ಬಿಟ್ಟರೆ ಡಯಟ್. ಹಸಿವು, ಬೇಸರ, ಮುಟ್ಟು ಮೂರಕ್ಕೂ ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನುವಂತೆ ಮಾತಾಡುತ್ತೇವೆ.

ಸಂಬಂಧ ಇದೆ. ಮಿದುಳಿನ ಬುಡದಲ್ಲಿ ಹೈಪೋಥಲಾಮಸ್ ಎಂಬ ಪುಟ್ಟ ಭಾಗವೊಂದಿದೆ. ಹಸಿವನ್ನು ಎಬ್ಬಿಸುವುದು, ಮುಟ್ಟಿನ ಚಕ್ರ ನಡೆಸುವುದು, ಒತ್ತಡ ಬಂದಾಗ ದೇಹವನ್ನು ಸಜ್ಜು ಮಾಡುವುದು, ಮೂರೂ ಅದರ ಕೆಲಸವೇ. ಹಾಗಾಗಿ ಒಂದು ಕಡೆ ಏರುಪೇರಾದರೆ ಉಳಿದೆರಡು ಕಡೆಯೂ ಗೊತ್ತಾಗುತ್ತದೆ.

ಇಲ್ಲಿ ಡಯಟ್ ಚಾರ್ಟ್ ಇಲ್ಲ, ತೂಕ ಇಳಿಸುವ ಉಪಾಯವೂ ಇಲ್ಲ. ಹಸಿವನ್ನು ಬೈಯುವ ಮೊದಲು ಅದನ್ನು ಎರಡು ತಿಂಗಳು ಬರೆದಿಡಿ, ಊಟದ ಹೊತ್ತು ಸರಿಮಾಡಿಕೊಳ್ಳಿ, ಅದಕ್ಕೂ ಬಗ್ಗದಿದ್ದರೆ ಆ ನೋಟ್‌ಬುಕ್ ಹಿಡಿದು ಡಾಕ್ಟರ ಹತ್ತಿರ ಹೋಗಿ. ನಾನು ಹೇಳುವುದು ಇಷ್ಟೇ. ಹೇಗೆ ಅನ್ನುವುದಷ್ಟೇ ಸ್ವಲ್ಪ ಉದ್ದ.

ಮೊದಲು ಹಾರ್ಮೋನುಗಳ ಪರಿಚಯ

ಗ್ರೆಲಿನ್ ಜಠರದಲ್ಲಿ ಹುಟ್ಟುತ್ತದೆ. ಜಪಾನಿನ ಕೊಜಿಮಾ ಮತ್ತು ಕಂಗಾವಾ ಎಂಬ ವಿಜ್ಞಾನಿಗಳು 1999ರಲ್ಲಿ ಇದನ್ನು ಗುರುತಿಸಿದರು. ಊಟಕ್ಕೆ ಮುಂಚೆ ರಕ್ತದಲ್ಲಿ ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ಇದು ನಿಮ್ಮ ಊಟದ ಹೊತ್ತನ್ನು ಕಲಿತುಕೊಳ್ಳುತ್ತದೆ. ದಿನಾ ಒಂದು ಗಂಟೆಗೆ ಉಣ್ಣುವವರಿಗೆ ಒಂದಕ್ಕೆ ಸ್ವಲ್ಪ ಮುಂಚೆಯೇ ಏರತೊಡಗುತ್ತದೆ. ಒತ್ತಡದಲ್ಲೂ ಏರುತ್ತದೆ. ಬೈಸಿಕೊಂಡು ಬಂದ ಮೇಲೆ ಏನಾದರೂ ಬಾಯಿಗೆ ಹಾಕಿಕೊಳ್ಳಬೇಕು ಅನ್ನಿಸುವುದರಲ್ಲಿ ಇದರದ್ದೂ ಒಂದು ಪಾಲಿದೆ.

ಲೆಪ್ಟಿನ್ ಕೊಬ್ಬಿನ ಜೀವಕೋಶಗಳಿಂದ ಬರುತ್ತದೆ. 1994ರಲ್ಲಿ ಅಮೆರಿಕದ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಇದರ ಜೀನ್ ಕಂಡುಹಿಡಿಯಿತು. ದೇಹದಲ್ಲಿ ದಾಸ್ತಾನು ಎಷ್ಟಿದೆ ಎಂದು ಮಿದುಳಿಗೆ ಹೇಳುವುದು ಇದರ ಕೆಲಸ. ಒಂದೇ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಇರುವ ಗಂಡಸು ಹೆಂಗಸರಲ್ಲಿ ಹೆಂಗಸರಿಗೇ ಇದು ಜಾಸ್ತಿ. ಹಾಗಂತ ಹಸಿವು ಕಡಿಮೆ ಅಂತಲ್ಲ. ತೂಕ ತುಂಬಾ ಏರಿದಾಗ ಲೆಪ್ಟಿನ್ ಎಷ್ಟಿದ್ದರೂ ಮಿದುಳು ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಇನ್ನೊಂದು ಕಡೆ, ತೀರಾ ಕಡಿಮೆ ತಿಂದು ಬೇಗ ತೂಕ ಇಳಿಸಿದರೆ ಲೆಪ್ಟಿನ್ ಸರ್ರನೆ ಬೀಳುತ್ತದೆ. ಮಿದುಳು ಅದನ್ನು ಬರಗಾಲ ಎಂದೇ ತಿಳಿಯುತ್ತದೆ. ಹಸಿವು ಏರುತ್ತದೆ, ಮನಸ್ಸು ಕುಗ್ಗುತ್ತದೆ, ಕೆಲವರಿಗೆ ಮುಟ್ಟೇ ನಿಂತುಹೋಗುತ್ತದೆ.

ಇನ್ಸುಲಿನ್ ನಿಮಗೆ ಗೊತ್ತೇ ಇದೆ. ಕರುಳಿನಿಂದ ಬರುವ ಜಿಎಲ್‌ಪಿ-1, ಸಿಸಿಕೆ, ಪಿವೈವೈ ಎಂಬವು "ಸಾಕು" ಅನ್ನುವ ಸುದ್ದಿ ಮುಟ್ಟಿಸುತ್ತವೆ. ಕಾರ್ಟಿಸಾಲ್ ಒತ್ತಡದ್ದು.

ಇವುಗಳ ಮೇಲೆ ಹೆಂಗಸರ ಹಾರ್ಮೋನುಗಳ ಪ್ರಭಾವವೂ ಇದೆ. ಈಸ್ಟ್ರೋಜೆನ್ ಹಸಿವನ್ನು ಸ್ವಲ್ಪ ತಗ್ಗಿಸುತ್ತದೆ. ಅದಕ್ಕೇ ಮುಟ್ಟಾಗಿ ಎರಡನೇ ವಾರದ ಹೊತ್ತಿಗೆ ಹಲವರಿಗೆ ಹಸಿವು ಕಡಿಮೆ, ಉತ್ಸಾಹ ಜಾಸ್ತಿ. ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಏರುತ್ತದೆ, ಹಸಿವೂ ಸ್ವಲ್ಪ ಏರುತ್ತದೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಎರಡೂ ಬೀಳುತ್ತವೆ. ಆ ಬೀಳುವಿಕೆ ಎಲ್ಲರಲ್ಲೂ ಹೆಚ್ಚೂಕಡಿಮೆ ಒಂದೇ ಥರ. ಅದಕ್ಕೆ ಮಿದುಳು ಸ್ಪಂದಿಸುವ ರೀತಿ ಮಾತ್ರ ಒಬ್ಬೊಬ್ಬರಲ್ಲಿ ಒಂದೊಂದು.

ಇಲ್ಲೊಂದು ಎಚ್ಚರಿಕೆ. "ಗ್ರೆಲಿನ್ ಜಾಸ್ತಿಯಾದರೆ ಖಿನ್ನತೆ" ಎಂಬಂಥ ಸೂತ್ರ ಯಾವುದೂ ಇಲ್ಲ. ಇಲಿಗಳ ಮೇಲೆ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒತ್ತಡದಲ್ಲಿ ಏರಿದ ಗ್ರೆಲಿನ್ ಖಿನ್ನತೆಯಂಥ ಲಕ್ಷಣಗಳನ್ನು ತಗ್ಗಿಸುವಂತೆ ಕಂಡಿತ್ತು. ಮನುಷ್ಯರಲ್ಲಿ ನಡೆದ ಅಧ್ಯಯನಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಹಾಗೆಯೇ, "ಸೆರೊಟೋನಿನ್‌ನ 90 ಶೇಕಡಾ ಹೊಟ್ಟೆಯಲ್ಲೇ ಇದೆ, ಇದನ್ನು ತಿನ್ನಿ ಖುಷಿಯಾಗಿರಿ" ಅನ್ನುವ ವಾಟ್ಸ್‌ಆ್ಯಪ್ ಸಂದೇಶ ಬರುತ್ತದಲ್ಲ, ಅದರಲ್ಲಿ ಅರ್ಧ ನಿಜ. ಸೆರೊಟೋನಿನ್ ಮನಸ್ಸಿನ ಏರಿಳಿತಕ್ಕೆ ಸಂಬಂಧಪಟ್ಟ ಒಂದು ರಾಸಾಯನಿಕ, ಆದರೆ ಕರುಳಿನಲ್ಲಿರುವುದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ.

ಹೆಜ್ಜೆ 1: ಎರಡು ತಿಂಗಳು ಬರೆಯಿರಿ

ಆ್ಯಪ್ ಬೇಕಿಲ್ಲ. ಮಕ್ಕಳ ಹಳೇ ನೋಟ್‌ಬುಕ್ ಸಾಕು. ಗೋಡೆಯ ಮೇಲೆ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದ್ದರೂ ನಡೆಯುತ್ತದೆ.

ಮುಟ್ಟಾದ ಮೊದಲ ದಿನವನ್ನು ಒಂದು ಎಂದು ಲೆಕ್ಕ ಹಿಡಿಯಿರಿ. ದಿನಾ ಬರೆಯಬೇಕಾದ್ದು ಇಷ್ಟು: ಇವತ್ತು ಎಷ್ಟನೇ ದಿನ, ರಾತ್ರಿ ಎಷ್ಟು ಗಂಟೆ ನಿದ್ದೆ ಬಂತು, ತಿಂಡಿ ಊಟ ಎಷ್ಟು ಹೊತ್ತಿಗೆ ಆಯಿತು. ಆಮೇಲೆ ಬೆಳಗ್ಗೆ ಹನ್ನೊಂದಕ್ಕೆ ಮತ್ತು ಸಂಜೆ ಆರಕ್ಕೆ ಹಸಿವಿಗೆ ಹತ್ತರಲ್ಲಿ ಎಷ್ಟು, ಮನಸ್ಸಿಗೆ ಹತ್ತರಲ್ಲಿ ಎಷ್ಟು ಎಂದು ಅಂಕ. ಜೊತೆಗೆ ಆ ದಿನ ಏನಾಯಿತು ಅನ್ನುವ ಒಂದು ಸಾಲು.

ಕ್ಯಾಲೊರಿ ಬರೆಯಬೇಡಿ. ತೂಕವನ್ನೂ ಬರೆಯಬೇಡಿ. ಇದನ್ನು ಬೇಕೆಂದೇ ಹೇಳುತ್ತಿದ್ದೇನೆ. ಊಟದ ಬಗ್ಗೆ ಮೊದಲೇ ಅಪರಾಧಿ ಭಾವ ಇರುವವರಿಗೆ ಆ ಲೆಕ್ಕ ಚಟವಾಗಿಬಿಡುತ್ತದೆ.

ರಾಜಾಜಿನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗುವ ಒಬ್ಬ ಹೆಂಗಸಿನ ಪುಟ ಹೀಗಿರುತ್ತದೆ ಅಂದುಕೊಳ್ಳಿ:

"24ನೇ ದಿನ. ನಿದ್ದೆ ಐದೂವರೆ ಗಂಟೆ. 6.15ಕ್ಕೆ ಕಾಫಿ. ಮಕ್ಕಳ ಡಬ್ಬಿಗೆ ಚಿತ್ರಾನ್ನ. ನಾನು ಬಾಣಲೆಯಿಂದಲೇ ಎರಡು ತುತ್ತು. 11ಕ್ಕೆ ಕಾಫಿ, ಎರಡು ಬಿಸ್ಕತ್ತು, ಹಸಿವು 4, ಮನಸ್ಸು 6. ಮೀಟಿಂಗ್ ಎಳೆದರು, ಊಟ 3ಕ್ಕೆ, ಅರ್ಧ ಡಬ್ಬಿ. ಸಂಜೆ ಸಿಲ್ಕ್ ಬೋರ್ಡ್ ಹತ್ತಿರ ಹಸಿವು 9, ಮನಸ್ಸು 2. ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಕೋಡುಬಳೆ ಡಬ್ಬಿಗೆ ಕೈ. ಮಗನಿಗೆ ಬೈದೆ. ಆಮೇಲೆ ಅಳು."

ಕೇಳಿದರೆ ಅವಳು ಹೇಳುವುದು "ಕೋಡುಬಳೆ ಕಂಡರೆ ನಂಗೆ ಕಂಟ್ರೋಲೇ ಇಲ್ಲ" ಎಂದು. ಪುಟ ಹೇಳುವುದು ಬೇರೆ. ಬೆಳಗ್ಗೆ 6.15ರಿಂದ ಮಧ್ಯಾಹ್ನ 3ರವರೆಗೆ ಅವಳ ಹೊಟ್ಟೆಗೆ ಬಿದ್ದದ್ದು ಎರಡು ತುತ್ತು, ಎರಡು ಬಿಸ್ಕತ್ತು, ಎರಡು ಕಾಫಿ. ಹನ್ನೊಂದರ ಹಸಿವನ್ನು ಕಾಫಿ ಮುಚ್ಚಿಹಾಕಿದೆ. ಐದೂವರೆ ಗಂಟೆಯ ನಿದ್ದೆ ಹಿಂದಿನ ರಾತ್ರಿಯದು. 24ನೇ ದಿನ ಅನ್ನುವುದೂ ಸೇರಿದೆ. ಕೋಡುಬಳೆ ಬಂದದ್ದು ಕೊನೆಗೆ.

ಬರೆಯುವಾಗ ಇದು ಹಸಿವೋ ಬರೀ ಆಸೆಯೋ ಎಂದು ಗೊಂದಲವಾದರೆ ಒಂದು ಸುಲಭ ಪ್ರಶ್ನೆ ಇದೆ: "ಈಗ ಮೊಸರನ್ನ ಕೊಟ್ಟರೆ ತಿಂತೀನಾ?" ಹೌದು ಅನ್ನಿಸಿದರೆ ಅದು ಹಸಿವು, ಉಣ್ಣಿ. ಮೊಸರನ್ನ ಬೇಡ, ಚಾಕೊಲೇಟೇ ಬೇಕು, ಈಗಲೇ ಬೇಕು ಅನ್ನಿಸಿದರೆ ಹಿಂದೆ ಬೇರೇನೋ ಇದೆ: ನಿದ್ದೆ ಸಾಲದ್ದು, ಬೇಸರ, ಒಂಟಿತನ, ಅಥವಾ ಮುಟ್ಟಿನ ಮುಂಚಿನ ದಿನ. ಆಗಲೂ ತಿಂದರೆ ಅಪರಾಧವೇನಲ್ಲ. ಪಕ್ಕದಲ್ಲಿ "ಮೊಸರನ್ನ ಬೇಡ" ಎಂದು ಬರೆದುಕೊಂಡರೆ ಸಾಕು.

ಹೆಜ್ಜೆ 2: ಬರೆದದ್ದನ್ನು ಓದಿ

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಕೂತು ಓದಿ. ಮನಸ್ಸಿನ ಅಂಕ ಮೂರಕ್ಕಿಂತ ಕೆಳಗೆ ಹೋದ ದಿನಗಳಿಗೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕಿ. ಆ ಸುತ್ತುಗಳು ಎಲ್ಲೆಲ್ಲಿ ಬಿದ್ದಿವೆ ಅನ್ನುವುದನ್ನು ನೋಡಬೇಕು.

ಊಟ ತಪ್ಪಿದ ದಿನಗಳಲ್ಲೇ ಬಿದ್ದಿದ್ದರೆ ಹೊತ್ತಿನ ಸಮಸ್ಯೆ. ನೇರ ಮೂರನೇ ಹೆಜ್ಜೆಗೆ ಹೋಗಿ.

ಮುಟ್ಟಿಗೆ ಮುಂಚಿನ ವಾರ, ಹತ್ತು ದಿನದಲ್ಲಿ ಗುಂಪಾಗಿ ಬಿದ್ದು, ಮುಟ್ಟು ಶುರುವಾದ ಕೆಲವೇ ದಿನಗಳಲ್ಲಿ ಮಾಯವಾಗಿದ್ದರೆ ಚಕ್ರದ ಸಮಸ್ಯೆ. ಸಣ್ಣ ಮಟ್ಟದಲ್ಲಿ ಇದು ತುಂಬಾ ಜನಕ್ಕೆ ಇರುತ್ತದೆ, ಅದನ್ನು ಪಿಎಂಎಸ್ ಅನ್ನುತ್ತಾರೆ. ಆದರೆ ಆ ದಿನಗಳಲ್ಲಿ ಕೆಲಸಕ್ಕೆ ಹೋಗಲಾಗದಷ್ಟು, ಸಂಬಂಧ ಹರಿದುಹೋಗುವಷ್ಟು, ಬದುಕೇ ಬೇಡ ಅನ್ನಿಸುವಷ್ಟು ಆದರೆ ಅದು ಪಿಎಂಡಿಡಿ ಇರಬಹುದು. 2013ರಿಂದ ಅಮೆರಿಕದ ಮನೋವೈದ್ಯರ ಕೈಪಿಡಿ ಅದನ್ನು ಖಿನ್ನತೆಯ ಗುಂಪಿನ ಒಂದು ಕಾಯಿಲೆಯಾಗಿ ಪಟ್ಟಿ ಮಾಡಿದೆ. ಅದನ್ನು ಖಚಿತ ಮಾಡಲು ಡಾಕ್ಟರು ಕೇಳುವುದೇ ಕನಿಷ್ಠ ಎರಡು ಚಕ್ರಗಳ ದಿನದಿನದ ದಾಖಲೆ. ನಾನು ಎರಡು ತಿಂಗಳು ಅಂದದ್ದು ಅದಕ್ಕೇ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಗಳನ್ನು ಕೆಲವರಿಗೆ ಮುಟ್ಟಿಗೆ ಮುಂಚಿನ ಎರಡು ವಾರ ಮಾತ್ರ ಕೊಟ್ಟರೂ ಕೆಲಸ ಮಾಡುತ್ತವೆ.

ಇದನ್ನು ಓದುವ ಗಂಡಸರಿಗೆ ಒಂದು ಮಾತು. 26ನೇ ದಿನ ಅವಳು "ನೀನು ಮನೆ ಕೆಲಸಕ್ಕೆ ಕೈ ಹಾಕಲ್ಲ" ಅಂದರೆ ಅದನ್ನು ಹಾರ್ಮೋನಿನ ಲೆಕ್ಕಕ್ಕೆ ಬರೆದು ಸುಮ್ಮನಾಗಬೇಡಿ. 10ನೇ ದಿನವೂ ನೀವು ಕೈ ಹಾಕಿರಲಿಲ್ಲ. ಅವತ್ತು ಅವಳಿಗೆ ತಡೆದುಕೊಳ್ಳುವ ಶಕ್ತಿ ಇತ್ತು, ಅಷ್ಟೇ.

ಮುಟ್ಟಿನ ದಿನಗಳಿಗೆ ಸಂಬಂಧಿಸಿ ಇನ್ನೊಂದು ವಿಷಯ: 2025ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸಚಿವ ಸಂಪುಟ ಉದ್ಯೋಗಸ್ಥ ಮಹಿಳೆಯರಿಗೆ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ನಿಮ್ಮ ಕಚೇರಿಯಲ್ಲಿ ಏನು ವ್ಯವಸ್ಥೆ ಇದೆ ಎಂದು ಎಚ್‌ಆರ್ ಹತ್ತಿರ ಕೇಳಿ. ಕೇಳಲು ಮುಜುಗರ ಪಡುವ ವಿಷಯ ಇದಲ್ಲ.

ಇನ್ನು ಸುತ್ತುಗಳು ತಿಂಗಳಿಡೀ ಹರಡಿದ್ದರೆ, ಹಸಿವು ಏರಿರಲಿ ಇಳಿದಿರಲಿ, ಮನಸ್ಸಿನ ಕಡೆಯೇ ಮೊದಲು ನೋಡಬೇಕು. ಖಿನ್ನತೆಯಲ್ಲಿ ಊಟ ಸೇರುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಜಾಸ್ತಿ ತಿಂದು ಜಾಸ್ತಿ ಮಲಗುವ ಬಗೆಯ ಖಿನ್ನತೆಯೂ ಇದೆ, ಅದು ಹೆಂಗಸರಲ್ಲೇ ಹೆಚ್ಚು. ಮನೆಯವರ ಕಣ್ಣಿಗೆ ಅದು ಬೀಳುವುದೇ ಇಲ್ಲ. "ಹೊಟ್ಟೆ ತುಂಬಾ ತಿಂತಾಳೆ, ಹೊದ್ದು ಮಲಗ್ತಾಳೆ, ಏನಾಗಿದೆ ಅವಳಿಗೆ?" ಎಂದು ಮಾತು ಮುಗಿದುಹೋಗುತ್ತದೆ.

ನಲವತ್ತು ದಾಟಿದವರ ಪುಟಗಳು ಯಾವ ಲೆಕ್ಕಕ್ಕೂ ಸಿಗದೆ ಹೋಗಬಹುದು. ನಮ್ಮ ದೇಶದಲ್ಲಿ ಸರಾಸರಿ 46ರ ಆಸುಪಾಸಿನಲ್ಲಿ ಮುಟ್ಟು ನಿಲ್ಲುತ್ತದೆ. ಅದಕ್ಕೆ ಕೆಲವು ವರ್ಷ ಮುಂಚಿನಿಂದಲೇ ಈಸ್ಟ್ರೋಜೆನ್ ಒಂದು ತಿಂಗಳು ಏರಿ ಇನ್ನೊಂದು ತಿಂಗಳು ಬೀಳುತ್ತಿರುತ್ತದೆ. ರಾತ್ರಿ ಬೆವೆತು ಎಚ್ಚರವಾಗುತ್ತದೆ, ನಿದ್ದೆ ಕೆಡುತ್ತದೆ, ಮಾರನೇ ದಿನ ಹಸಿವೂ ಕೆಡುತ್ತದೆ. ಹಿಂದೆ ಒಮ್ಮೆ ಖಿನ್ನತೆ ಬಂದವರು ಈ ವರ್ಷಗಳಲ್ಲಿ ಹೆಚ್ಚು ಜಾಗ್ರತೆಯಾಗಿರಬೇಕು.

ಹೆಜ್ಜೆ 3: ಊಟದ ಹೊತ್ತು ಸರಿಮಾಡಿ

ಊಟ ತಪ್ಪಿದರೆ ಶುಗರ್ ಡೌನ್ ಆಗಿ ಸಿಟ್ಟು ಬರುತ್ತದೆ ಅನ್ನುತ್ತೇವೆ. ಆರೋಗ್ಯವಂತರಲ್ಲಿ ರಕ್ತದ ಸಕ್ಕರೆ ಅಷ್ಟು ಸುಲಭಕ್ಕೆ ಅಪಾಯದ ಮಟ್ಟಕ್ಕೆ ಬೀಳುವುದಿಲ್ಲ. ಲಿವರ್ ಅದನ್ನು ಕಾಯುತ್ತದೆ. ಆದರೆ ಹಾಗೆ ಕಾಯಲು ದೇಹ ಅಡ್ರಿನಾಲಿನ್, ಕಾರ್ಟಿಸಾಲ್‌ಗಳ ಸಹಾಯ ತೆಗೆದುಕೊಳ್ಳುತ್ತದೆ. ಎದೆ ಡವಡವ, ಕೈ ನಡುಕ, ಸುಮ್ಸುಮ್ನೆ ಗಾಬರಿ, ಇವು ಅದರ ಗುರುತು. ಆತಂಕದ ಕಾಯಿಲೆ ಇರುವವರಿಗೆ ಇದು ಪ್ಯಾನಿಕ್ ಅಟ್ಯಾಕ್ ಎಂದೇ ಅನ್ನಿಸಿಬಿಡುತ್ತದೆ. ಇನ್ಸುಲಿನ್ ಅಥವಾ ಕೆಲವು ಶುಗರ್ ಮಾತ್ರೆ ತೆಗೆದುಕೊಳ್ಳುವವರಿಗೆ ಮಾತ್ರ ಸಕ್ಕರೆ ನಿಜವಾಗಿಯೂ ಕುಸಿಯಬಹುದು. ಅವರು ಆ ಹೊತ್ತಿನಲ್ಲಿ ಯೋಚಿಸುತ್ತ ಕೂರದೆ ಗ್ಲುಕೋಮೀಟರಿನಲ್ಲಿ ನೋಡಿ, ಕಡಿಮೆ ಇದ್ದರೆ ಸಕ್ಕರೆ ನೀರು ಕುಡಿಯಬೇಕು.

ಬೆಳಗಿನ ತಿಂಡಿಯಿಂದ ಶುರು ಮಾಡಿ. ನಮ್ಮ ತಿಂಡಿಗಳ ತೊಂದರೆ ರುಚಿಯಲ್ಲಿಲ್ಲ, ಪ್ರೊಟೀನಿನಲ್ಲಿದೆ. ಚಿತ್ರಾನ್ನ, ಉಪ್ಪಿಟ್ಟು, ಅವಲಕ್ಕಿ, ದರ್ಶಿನಿಯ ಖಾರಾಬಾತು, ಎಲ್ಲವೂ ಹೆಚ್ಚೂಕಡಿಮೆ ಬರೀ ಪಿಷ್ಟ. ತಿಂದು ಎರಡು ಗಂಟೆಗೆಲ್ಲ ಹೊಟ್ಟೆ ಖಾಲಿ ಅನ್ನಿಸುತ್ತದೆ. ಪ್ರೊಟೀನು ಸೇರಿದರೆ ಗ್ರೆಲಿನ್ ಚೆನ್ನಾಗಿ ಇಳಿಯುತ್ತದೆ, ಸಾಕು ಅನ್ನುವ ಹಾರ್ಮೋನುಗಳು ಜಾಸ್ತಿ ಹೊತ್ತು ನಿಲ್ಲುತ್ತವೆ. 55 ಕೆಜಿ ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೊಟೀನು ಬೇಕು ಎಂದು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುತ್ತದೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ, ಅಂದರೆ 30 ಗ್ರಾಂನಲ್ಲಿ, ಸುಮಾರು 7 ಗ್ರಾಂ, ಅಷ್ಟೇ ಹುರಿಗಡಲೆಯಲ್ಲಿ 6 ಗ್ರಾಂ. ಲೆಕ್ಕ ಹಾಕಿ ನೋಡಿದರೆ ನಮ್ಮ ಬೆಳಗು ಎಷ್ಟು ಬಡವಾಗಿದೆ ಎಂದು ಗೊತ್ತಾಗುತ್ತದೆ.

ಹಾಗಂತ ಓಟ್ಸ್, ಪ್ರೊಟೀನ್ ಪೌಡರ್ ಅಂತ ಓಡಬೇಕಾಗಿಲ್ಲ. ಉಪ್ಪಿಟ್ಟಿಗೆ ಅವರೆಕಾಳು ಹಾಕಿ, ಚಳಿಗಾಲದಲ್ಲಂತೂ ಊರ ತುಂಬಾ ಅವರೆಯೇ. ಚಿತ್ರಾನ್ನಕ್ಕೆ ಬೀಜ ಎರಡರಷ್ಟು. ವಾರದಲ್ಲಿ ಎರಡು ದಿನ ಹೆಸರುಕಾಳಿನ ದೋಸೆ. ಇಡ್ಲಿಗೆ ಬರೀ ಚಟ್ನಿ ಬೇಡ, ಬೇಳೆ ಗಟ್ಟಿಯಾಗಿರುವ ಸಾಂಬಾರ್ ಒಂದು ಬಟ್ಟಲು. ಮೊಟ್ಟೆ ತಿನ್ನುವವರಿಗೆ ಕಷ್ಟವೇ ಇಲ್ಲ. ಮುದ್ದೆಯ ಜೊತೆಗೆ ಹುರುಳಿಕಾಳಿನ ಬಸ್ಸಾರು ಉಣ್ಣುವ ಮನೆಗಳಿಗೆ ನಾನು ಹೇಳಿಕೊಡುವಂಥದ್ದೇನೂ ಇಲ್ಲ.

ಸಂಜೆಯ ತಿಂಡಿಯನ್ನು ಮರೆಯಬೇಡಿ. ನನ್ನ ಪ್ರಕಾರ ಈ ಊರಿನಲ್ಲಿ ಅರ್ಧ ಜಗಳಗಳು ಹುಟ್ಟುವುದು ಸಂಜೆ ಆರರಿಂದ ಎಂಟರ ನಡುವೆ. ಮಧ್ಯಾಹ್ನದ ಊಟ ಆಗಿ ಐದಾರು ಗಂಟೆ ಕಳೆದಿರುತ್ತದೆ, ಟ್ರಾಫಿಕ್ಕಿನಲ್ಲಿ ತಲೆ ಕೆಟ್ಟಿರುತ್ತದೆ, ಮನೆಗೆ ಹೋಗಿ ಅಡುಗೆ ಮಾಡಬೇಕು. ಆಫೀಸಿನಿಂದ ಹೊರಡುವ ಮೊದಲೇ ಏನಾದರೂ ತಿನ್ನಿ: ಒಂದು ಹಿಡಿ ಹುರಿಗಡಲೆ, ಒಂದು ಬಾಳೆಹಣ್ಣು, ಬೆಳಗ್ಗೆ ಡಬ್ಬಿಗೆ ಹಾಕಿಕೊಂಡ ಕಡಲೆಕಾಳಿನ ಉಸಲಿ. ಮೆಟ್ರೋದಲ್ಲಿ ತಿನ್ನುವಂತಿಲ್ಲ, ಹಾಗಾಗಿ ಸ್ಟೇಷನ್ನಿಗೆ ಕಾಲಿಡುವ ಮುಂಚೆಯೇ ಮುಗಿಸಬೇಕು. ಒಂದು ಪುಟ್ಟ ಡಬ್ಬಿ ಬ್ಯಾಗಿನಲ್ಲೇ ಕಾಯಂ ಇರಲಿ.

ಕಾಫಿ ಬಿಡಿ ಎಂದು ಬೆಂಗಳೂರಿನವರಿಗೆ ಹೇಳುವ ಧೈರ್ಯ ನನಗಿಲ್ಲ. ಎರಡು ಬದಲಾವಣೆ ಸಾಕು. ಒಂದು, ತಿಂಡಿಯ ಬದಲಿಗೆ ಕಾಫಿ ಬೇಡ. ಅದು ಹಸಿವನ್ನು ಮುಂದೂಡುತ್ತದೆಯೇ ಹೊರತು ತೀರಿಸುವುದಿಲ್ಲ. ಊಟಕ್ಕೆ ಒಂದು ಗಂಟೆ ಮುಂಚೆ, ಊಟವಾಗಿ ಒಂದು ಗಂಟೆಯವರೆಗೆ ಕಾಫಿ ಟೀ ಬೇಡ ಎಂದು 2024ರ ಐಸಿಎಂಆರ್ ಮಾರ್ಗಸೂಚಿ ಕೂಡ ಹೇಳಿದೆ, ಯಾಕೆಂದರೆ ಊಟದಲ್ಲಿರುವ ಕಬ್ಬಿಣದ ಅಂಶ ದೇಹಕ್ಕೆ ಸೇರುವುದನ್ನು ಅವು ತಡೆಯುತ್ತವೆ. ಎರಡು, ಮಧ್ಯಾಹ್ನ ಮೂರರ ಮೇಲೆ ಕಾಫಿ ಬೇಡ. ಕುಡಿದ ಕೆಫೀನಿನಲ್ಲಿ ಅರ್ಧ ಹೊರಗೆ ಹೋಗಲು ಸುಮಾರು ಐದು ಗಂಟೆ ಬೇಕು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಹೆಚ್ಚೂಕಡಿಮೆ ಅದರ ಎರಡರಷ್ಟು ಹೊತ್ತು.

ಇನ್ನು ಎಲ್ಲಕ್ಕಿಂತ ಗಟ್ಟಿಯಾದ ಅಡ್ಡಿ. ಮನೆಯಲ್ಲಿ ಹೆಂಗಸು ಕೊನೆಗೆ ಉಣ್ಣುವ ಪದ್ಧತಿ. ಎಲ್ಲರಿಗೂ ಬಡಿಸಿ, ಪಾತ್ರೆ ಎತ್ತಿಟ್ಟು, ಒಲೆ ಒರೆಸಿ, ಹತ್ತೂವರೆಗೆ ತಳದಲ್ಲಿ ಉಳಿದ ಸಾರು. ಎರಡು ಡಿಗ್ರಿ ಓದಿದ ಮನೆಗಳಲ್ಲೂ ಇದು ನಡೆಯುತ್ತದೆ. ಜಗಳ ಮಾಡದೆಯೂ ಇದನ್ನು ಬದಲಿಸಬಹುದು. "ಅತ್ತೆ, ಎಂಟೂವರೆ ದಾಟಿದ್ರೆ ನಂಗೆ ತಲೆನೋವು ಶುರುವಾಗುತ್ತೆ. ಪಾತ್ರೆ ಎಲ್ಲ ಟೇಬಲ್ ಮೇಲೆ ಇಟ್ಬಿಡ್ತೀನಿ, ಒಟ್ಟಿಗೇ ಕೂರೋಣ, ಅವರವರು ಬಡಿಸ್ಕೊಳ್ಳಲಿ" ಎಂದು ಹೇಳಿ ನೋಡಿ. ತುಂಬಾ ಅತ್ತೆಯಂದಿರು ಒಪ್ಪುತ್ತಾರೆ, ಅವರೂ ಇಷ್ಟು ವರ್ಷ ಕೊನೆಗೇ ಉಂಡವರು ಅಲ್ವಾ. ಮುನಿಸಿಕೊಳ್ಳುವುದಿದ್ದರೆ ಟಿವಿ ಮುಂದೆ ತಟ್ಟೆ ಬರುತ್ತಿದ್ದವರು ಮುನಿಸಿಕೊಳ್ಳಬಹುದು.

ಹೆಜ್ಜೆ 4: ನಿದ್ದೆ

2004ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದವರು ಆರೋಗ್ಯವಂತ ಯುವಕರನ್ನು ಎರಡು ರಾತ್ರಿ ಬರೀ ನಾಲ್ಕು ಗಂಟೆ ಮಲಗಿಸಿ ನೋಡಿದರು. ಹತ್ತು ಗಂಟೆ ಮಲಗಿದಾಗಿನದಕ್ಕೆ ಹೋಲಿಸಿದರೆ ಲೆಪ್ಟಿನ್ 18 ಶೇಕಡಾ ಇಳಿದಿತ್ತು, ಗ್ರೆಲಿನ್ 28 ಶೇಕಡಾ ಏರಿತ್ತು. ಸಿಹಿ, ಉಪ್ಪಿನ ಕುರುಕಲಿನ ಆಸೆಯೂ ಏರಿತ್ತು. ಅಧ್ಯಯನದಲ್ಲಿ ಇದ್ದದ್ದು 12 ಜನ, ಹನ್ನೆರಡೂ ಗಂಡಸರು. ಹಸಿವಿನ ವಿಜ್ಞಾನದಲ್ಲಿ ಇದು ಹಳೇ ಕಥೆ, ಮುಟ್ಟಿನ ಚಕ್ರ ಲೆಕ್ಕ ತಪ್ಪಿಸುತ್ತದೆ ಎಂದು ಹೆಂಗಸರನ್ನೇ ಬಿಟ್ಟುಬಿಡುತ್ತಿದ್ದರು.

ರಾತ್ರಿ ಪಾಳಿಯವರು ಕೆಲಸಕ್ಕೆ ಹೊರಡುವ ಮೊದಲೇ ಪೂರ್ತಿ ಊಟ ಮುಗಿಸಿ, ನಡುರಾತ್ರಿ ಹಗುರವಾಗಿ ಏನಾದರೂ ತಿಂದು, ಬೆಳಗ್ಗೆ ಸ್ವಲ್ಪ ತಿಂದು ಮಲಗುವುದು ಒಳ್ಳೆಯದು. ಮಲಗಿದ ಮೇಲೆ ಗ್ಯಾಸ್ ಬಂತು, ಕೊರಿಯರ್ ಬಂತು ಎಂದು ಎಬ್ಬಿಸಬೇಡಿ ಎಂದು ಮನೆಯವರಿಗೆ ಖಡಾಖಂಡಿತ ಹೇಳಿ.

ಹೆಜ್ಜೆ 5: ಉಪವಾಸ, ಡಯಟ್, ಇಂಜೆಕ್ಷನ್

ಏಕಾದಶಿ, ಸಂಕಷ್ಟಿ, ಸೋಮವಾರ. ಒಂದು ದಿನದ ಉಪವಾಸ ಆರೋಗ್ಯವಂತರಿಗೆ ತೊಂದರೆ ಕೊಡುವುದಿಲ್ಲ. ಆದರೆ ಬೈಪೋಲಾರ್‌ನಂಥ ಮನಸ್ಸಿನ ಕಾಯಿಲೆಗೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ನೀರು, ಉಪ್ಪು ಬಿಟ್ಟು ಉಪವಾಸ ಮಾಡಬಾರದು. ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಹಿಂದೆ ಊಟ ಬಿಟ್ಟು ತೀರಾ ಸಣ್ಣಗಾಗಿದ್ದವರು, ತಿಂದು ವಾಂತಿ ಮಾಡಿಕೊಳ್ಳುವ ಅಭ್ಯಾಸ ಇದ್ದವರು ವ್ರತದ ಹೆಸರಿನಲ್ಲಿ ಮತ್ತೆ ಆ ದಾರಿಗೆ ಇಳಿಯುವುದುಂಟು. ಅವರು ಪೂಜೆ ಮಾಡಲಿ, ಊಟ ಬಿಡುವುದು ಬೇಡ.

ಮದುವೆಗೆ ಮುಂಚೆ ಸಣ್ಣಗಾಗಬೇಕು ಎಂದು ದಿನಕ್ಕೆ ಎರಡು ಸೌತೆಕಾಯಿ ತಿಂದು ಕೂರುವ ಹುಡುಗಿಯರಿಗೆ ಲೆಪ್ಟಿನ್ ಬಗ್ಗೆ ಮೇಲೆ ಬರೆದದ್ದನ್ನು ಇನ್ನೊಮ್ಮೆ ಓದಿಸಿ. ಮೂರು ತಿಂಗಳು ಮುಟ್ಟು ಬಾರದಿದ್ದರೆ ಡಾಕ್ಟರನ್ನು ನೋಡಲೇಬೇಕು.

2025ರಲ್ಲಿ ಟಿರ್ಜೆಪಟೈಡ್, ತೂಕ ಇಳಿಸಲೆಂದೇ ಕೊಡುವ ಸೆಮಾಗ್ಲುಟೈಡ್ ಇಂಜೆಕ್ಷನ್‌ಗಳು ನಮ್ಮ ಮಾರುಕಟ್ಟೆಗೂ ಬಂದವು. ಇವು ಜಿಎಲ್‌ಪಿ-1ರ ಕೆಲಸವನ್ನೇ ಜೋರಾಗಿ ಮಾಡುತ್ತವೆ. ಬೇಕಾದವರಿಗೆ ಒಳ್ಳೆಯ ಔಷಧವೇ. ಆದರೆ ಖಿನ್ನತೆಯ ಇತಿಹಾಸ ಇದ್ದರೆ ಬರೆದುಕೊಡುವ ಡಾಕ್ಟರಿಗೆ ಮೊದಲೇ ಹೇಳಿ. ಗರ್ಭಿಣಿಯಾಗುವ ಯೋಚನೆ ಇದ್ದರೆ ಇವನ್ನು ಮುಂಚೆಯೇ ನಿಲ್ಲಿಸಬೇಕು. ಟಿರ್ಜೆಪಟೈಡ್ ಶುರು ಮಾಡಿದಾಗ ಗರ್ಭನಿರೋಧಕ ಮಾತ್ರೆಯ ಶಕ್ತಿ ಕಡಿಮೆಯಾಗಬಹುದು, ಆಗ ಬೇರೆ ದಾರಿಯೂ ಜೊತೆಗಿರಲಿ.

ಹೆಜ್ಜೆ 6: ಯಾವ ರಕ್ತಪರೀಕ್ಷೆ, ಯಾವುದು ದಂಡ

"ಹಾರ್ಮೋನ್ ಬ್ಯಾಲೆನ್ಸ್ ಪ್ಯಾಕೇಜ್" ಎಂದು ಸಾವಿರಾರು ರೂಪಾಯಿಯ ಜಾಹೀರಾತು ಕಂಡರೆ ಮುಂದೆ ಸರಿಸಿ. ಗ್ರೆಲಿನ್, ಲೆಪ್ಟಿನ್ ಅಳೆದು ಮನಸ್ಸಿನ ಚಿಕಿತ್ಸೆ ನಿರ್ಧರಿಸುವ ಪದ್ಧತಿ ಇಲ್ಲ.

ಕೇಳಬೇಕಾದವು ಸಾಮಾನ್ಯ ಪರೀಕ್ಷೆಗಳೇ: ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿರುವ ಕಬ್ಬಿಣದ ದಾಸ್ತಾನು), ಟಿಎಸ್‌ಎಚ್ (ಥೈರಾಯ್ಡ್‌ಗೆ), ವಿಟಮಿನ್ ಬಿ12, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ). ಭಾರತದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57 ಶೇಕಡಾ ಜನರಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಸುಸ್ತು, ಬೇಸರ, ಗಮನ ನಿಲ್ಲದಿರುವುದು, ಇವೆಲ್ಲ ಅದರಿಂದಲೂ ಬರುತ್ತವೆ. ಅಕ್ಕಿ, ಸುಣ್ಣ, ಐಸ್ ತಿನ್ನಬೇಕು ಅನ್ನಿಸಿದರಂತೂ ಕಬ್ಬಿಣದ ಅಂಶ ನೋಡಿಸಲೇಬೇಕು. ಥೈರಾಯ್ಡ್ ಕಡಿಮೆಯಾದಾಗ ತೂಕ ಏರಿ ಮನಸ್ಸು ಮಂಕಾಗುತ್ತದೆ, ಜಾಸ್ತಿಯಾದಾಗ ಎಷ್ಟು ತಿಂದರೂ ಹಸಿವು, ಜೊತೆಗೆ ಆತಂಕ. ಕೂದಲು ಉದುರುತ್ತದೆ ಎಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಲ್ಯಾಬಿನವರಿಗೆ ಹೇಳಿ. ಅದು ಥೈರಾಯ್ಡ್ ರಿಪೋರ್ಟನ್ನು ದಾರಿ ತಪ್ಪಿಸಬಹುದು.

ಮುಟ್ಟು ತಿಂಗಳುಗಟ್ಟಲೆ ಮುಂದೆ ಹೋಗುತ್ತಿದೆ, ಗದ್ದದಲ್ಲಿ ಕೂದಲು, ಮೊಡವೆ, ಸಿಹಿಯ ಆಸೆ ಅಂದರೆ ಪಿಸಿಓಎಸ್ (ಅಂಡಾಶಯದ ಹಾರ್ಮೋನುಗಳು ಏರುಪೇರಾಗುವ ತೊಂದರೆ) ಇದೆಯೇ ಎಂದು ನೋಡಿಸಿ. ಅದರಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಖಿನ್ನತೆ ಆತಂಕಗಳೂ ಹೆಚ್ಚು. ಪಿಸಿಓಎಸ್ ಇರುವ ಎಲ್ಲರಲ್ಲೂ ಮನಸ್ಸಿನ ಆರೋಗ್ಯವನ್ನೂ ವಿಚಾರಿಸಬೇಕು ಎಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಡಾಕ್ಟರು "ತೂಕ ಇಳಿಸಮ್ಮ" ಎಂದಷ್ಟೇ ಹೇಳಿ ಕಳಿಸಿದರೆ ನೀವೇ ಬಾಯಿಬಿಟ್ಟು ಕೇಳಿ.

ಹೆಜ್ಜೆ 7: ನೋಟ್‌ಬುಕ್ ಹಿಡಿದು ಡಾಕ್ಟರ ಹತ್ತಿರ

ಎರಡು ವಾರದಿಂದ ಹೆಚ್ಚೂಕಡಿಮೆ ದಿನವಿಡೀ ಬೇಸರ, ಯಾವುದರಲ್ಲೂ ಮನಸ್ಸಿಲ್ಲ, ಹಸಿವು ನಿದ್ದೆ ಎರಡೂ ಕೆಟ್ಟಿವೆ ಅಂದರೆ ಎರಡು ತಿಂಗಳ ಬರಹಕ್ಕೆ ಕಾಯಬೇಡಿ. ಗುಟ್ಟಾಗಿ ಒಂದೇ ಸಮನೆ ತಿನ್ನುವುದು, ತಿಂದದ್ದನ್ನು ಬೇಕೆಂದೇ ಹೊರಹಾಕುವುದು ಇದ್ದರೂ ಕಾಯಬೇಡಿ. ಸಾಯಬೇಕು ಅನ್ನಿಸುತ್ತಿದ್ದರೆ ಈಗಲೇ ಪಕ್ಕದಲ್ಲಿರುವವರಿಗೆ ಹೇಳಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಉಚಿತ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಹೊಸೂರು ರಸ್ತೆಯ ನಿಮ್ಹಾನ್ಸ್ ಬೆಂಗಳೂರಿನವರಿಗೆ ಕೈಗೆಟುಕುವಷ್ಟು ಹತ್ತಿರದಲ್ಲಿದೆ. ಹೊರರೋಗಿ ವಿಭಾಗಕ್ಕೆ ಬೆಳಗ್ಗೆ ಬೇಗ ಹೋಗಿ, ಕಾಯಬೇಕಾಗುತ್ತದೆ, ಡಬ್ಬಿ ಕಟ್ಟಿಕೊಂಡೇ ಹೋಗಿ. ಅಲ್ಲಿ ಹೆರಿಗೆಯ ಆಸುಪಾಸಿನ ಮಾನಸಿಕ ತೊಂದರೆಗಳಿಗೆ ಬೇರೆ ಸೇವೆ ಇದೆ, ತಾಯಿ ಮಗು ಒಟ್ಟಿಗೇ ಇರುವ ವಾರ್ಡೂ ಇದೆ. ಹೆರಿಗೆಯಾದ ಮೊದಲ ದಿನಗಳ ಅಳು ಸಾಮಾನ್ಯವಾಗಿ ಎರಡು ವಾರದೊಳಗೆ ತಿಳಿಯಾಗುತ್ತದೆ. ಆಗದಿದ್ದರೆ ತೋರಿಸಿ. ಬಾಣಂತಿ ನಿದ್ದೆಯೇ ಮಾಡದೆ ಏನೇನೋ ಮಾತಾಡುತ್ತ, ಇಲ್ಲದ್ದು ಕಾಣುತ್ತಿದೆ ಎಂದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಹಾಲುಣಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಜಾಸ್ತಿ ಬೇಕು. ಬಾಣಂತಿಗೆ ನೀರು, ತರಕಾರಿ, ಬೇಳೆ ಕಡಿಮೆ ಮಾಡುವ ಮನೆಗಳು ಇನ್ನೂ ಇವೆ. ಆ ಪಥ್ಯ ಬೇಡ.

ಮುಟ್ಟಿನ ಜೊತೆ ಬಂದು ಹೋಗುವ ತೊಂದರೆಗೆ ಸ್ತ್ರೀರೋಗ ತಜ್ಞರಿಂದಲೇ ಶುರು ಮಾಡಬಹುದು. ತಿಂಗಳಿಡೀ ಇದ್ದರೆ ಮನೋವೈದ್ಯರು. ಒಳಗೆ ಹೋದ ಮೇಲೆ ಸಿಗುವುದು ಕೆಲವೇ ನಿಮಿಷ, ಹಾಗಾಗಿ "ಏನೋ ಸುಸ್ತು ಡಾಕ್ಟ್ರೇ" ಎಂದು ಶುರು ಮಾಡಬೇಡಿ. ನೋಟ್‌ಬುಕ್ ತೆರೆದು ನೇರವಾಗಿ ಹೇಳಿ: "ಎರಡು ತಿಂಗಳು ಬರೆದಿದೀನಿ. 20ನೇ ದಿನದಿಂದ ಮುಟ್ಟಾಗೋವರೆಗೆ ಮನಸ್ಸು ಎರಡು ಮೂರಕ್ಕಿಂತ ಮೇಲೆ ಹೋಗಲ್ಲ. ಊಟ ಸರಿಯಾಗಿ ಮಾಡಿದ ದಿನವೂ ಹಾಗೇ ಇದೆ." ಈ ಕೊನೆಯ ಮಾತು ಡಾಕ್ಟರಿಗೆ ತುಂಬಾ ಉಪಯೋಗದ್ದು.

ಮಾತ್ರೆ ಬರೆದುಕೊಟ್ಟರೆ ಹಸಿವಿನ ಬಗ್ಗೆ ಅಲ್ಲೇ ಕೇಳಿಬಿಡಿ. ಮಿರ್ಟಜಪೀನ್, ಒಲಾಂಜಪೀನ್ ಹಸಿವು ಏರಿಸುತ್ತವೆ. ಫ್ಲುಯಾಕ್ಸೆಟೀನ್ ಶುರುವಿನಲ್ಲಿ ಇಳಿಸಬಹುದು. ವಾಲ್‌ಪ್ರೋಯೇಟ್ ಕೊಡುವುದಾದರೆ ಮಕ್ಕಳಾಗುವ ವಯಸ್ಸಿನವರು ಬೇರೆ ಔಷಧ ಇದೆಯೇ ಎಂದು ಕೇಳಲೇಬೇಕು, ಅದು ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುತ್ತದೆ. ಖಿನ್ನತೆಯ ಮಾತ್ರೆಗಳ ಗುಣ ಗೊತ್ತಾಗಲು ಕೆಲವು ವಾರ ಬೇಕು. ತೂಕ ಏರಿತು ಎಂದು ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿದರೆ ಬೇರೆ ಮಾತ್ರೆಗೆ ಬದಲಿಸಿಕೊಡುತ್ತಾರೆ. ಮಾತ್ರೆ ಶುರುವಾದ ದಿನವನ್ನು ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಅಂಕಗಳನ್ನು ಮೊದಲಿನಂತೆಯೇ ಬರೆಯುತ್ತಾ ಹೋಗಿ. ಮುಂದಿನ ಭೇಟಿಯಲ್ಲಿ ಡಾಕ್ಟರಿಗೆ ಗೆರೆಯ ಹಿಂದಿನ ಪುಟ, ಮುಂದಿನ ಪುಟ ಎರಡನ್ನೂ ತೋರಿಸಿ.